ಪಥದಾನವೂ ನಗರಮಾರ್ಗಗಳೂ

(೧)

ನಗರಗಳಲ್ಲಿ ಜನಸಂಚಾರಕ್ಕೆ ಮಾರ್ಗಗಳನ್ನು ಏರ್ಪಡಿಸುವ ವಿಷಯವು ಈಚಿನ ದಶಕಗಳಲ್ಲಿ ವಿಶೇಷವಾದ ಚರ್ಚೆಗೆ ಪಾತ್ರವಾಗಿದೆ. ತೈಲವನ್ನು ಮಿತಿಯಿಲ್ಲದೆ ಉರಿಸಿ ಗಾಳಿಯನ್ನು ಕೆಡಿಸದೆ, ಕಣ್ಣಿಲ್ಲದವರೂ ಕಾಲಿಲ್ಲದವರೂ ವೃದ್ಧರೂ ಬಾಲರೂ ಹೊರಗಾಗದೆ, ಮುಂದಿನ ತಲೆಮಾರಿನವರಿಗೂ ಉಳಿಯುವಂತೆ ನಗರದ ಸಂಚಾರವನ್ನು ನಡೆಯಿಸುವುದು ಹೇಗೆಂಬುದೇ ಆ ಚರ್ಚೆಯ ಸಾರವಾಗಿದೆ. ಇದರಲ್ಲಿ ಪ್ರಾಚೀನಶಾಸ್ತ್ರಗಳ ಹೆಸರನ್ನು ಎತ್ತುವವರು ಎರಡು ಪಂಗಡದವರು. ಅರ್ಥಶಾಸ್ತ್ರ ಶಿಲ್ಪಶಾಸ್ತ್ರಗಳಲ್ಲಿ ನಗರನಿರ್ಮಾಣದ ಸಕಲ ತತ್ತ್ವಗಳೂ ಅಡಗಿರುವುವೆಂದೂ, ಈಗಿನವರು ಅವುಗಳನ್ನು ಅನುಸರಿಸಿದರೆ ಸಾಕೆಂದೂ ಮೊದಲನೆಯ ಪಂಗಡದವರು ಹೇಳುತ್ತಾರೆ. ರಥ, ಆನೆ, ಎತ್ತಿನ ಗಾಡಿಗಳ ಕಾಲದ ಗ್ರಂಥವು ಮೋಟಾರುಗಳ ಕಾಲಕ್ಕೆ ಏನನ್ನು ತಾನೆ ಹೇಳೀತೆಂದು ಎರಡನೆಯ ಪಂಗಡದವರು ಅದನ್ನು ಬದಿಗಿಡುತ್ತಾರೆ. ಒಬ್ಬರು ಓದದೆ ಹೊಗಳುತ್ತಾರೆ, ಇನ್ನೊಬ್ಬರು ಓದದೆ ತೆಗಳುತ್ತಾರೆ. ಆದುದರಿಂದ ಮಾರ್ಗವಿಷಯಕವಾದ ಮುಖ್ಯವಾಕ್ಯಗಳು ಯಾವುವು, ಅವುಗಳ ಅರ್ಥವೇನು, ಅವುಗಳಲ್ಲಿ ಗ್ರಾಹ್ಯವಾದುದೆಷ್ಟು, ತ್ಯಾಜ್ಯವಾದುದೆಷ್ಟು, ಇಂದಿನ ನೀತಿವಾಕ್ಯಗಳು ಅವುಗಳ ಮುಂದೆ ಹೇಗೆ ನಿಲ್ಲುತ್ತವೆ ಎಂಬುದನ್ನು ಪರೀಕ್ಷಿಸುವುದು ಅವಶ್ಯಕವಾಗಿದೆ.

(೨)

ಮೊದಲು ಅಳತೆಯ ವಿಚಾರ. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದ ವಿದ್ವಾಂಸರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದರು. ಆ ಗ್ರಂಥದ ಎರಡನೆಯ ಅಧಿಕರಣದ ನಾಲ್ಕನೆಯ ಅಧ್ಯಾಯಕ್ಕೆ ದುರ್ಗನಿವೇಶವೆಂದು ಹೆಸರು. ಪೂರ್ವಪಶ್ಚಿಮವಾಗಿ ಮೂರು ರಾಜಮಾರ್ಗಗಳನ್ನೂ ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳನ್ನೂ ಎಳೆದು ನಗರದ ನೆಲವನ್ನು ವಿಭಾಗಿಸಬೇಕೆಂದೂ, ಹನ್ನೆರಡು ದ್ವಾರಗಳಿರಬೇಕೆಂದೂ ಅಲ್ಲಿ ವಿಧಿಸಿದೆ. ಆಮೇಲೆ ಮಾರ್ಗಗಳ ಅಗಲವನ್ನು ಹೇಳಿದೆ. ರಾಜಮಾರ್ಗಕ್ಕೂ, ದೊಡ್ಡ ಊರುಗಳಿಗೂ ನಾಡಿಗೂ ಹುಲ್ಲುಗಾವಲಿಗೂ ಶ್ಮಶಾನಕ್ಕೂ ಗ್ರಾಮಕ್ಕೂ ಹೋಗುವ ದಾರಿಗಳಿಗೂ ೮ ದಂಡ. ರಥ್ಯೆಗೆ ೪ ದಂಡ. ಸೇತುವನಪಥಗಳಿಗೆ ೪ ದಂಡ. ಆನೆಗಳ ದಾರಿಗೂ ಹೊಲದ ದಾರಿಗೂ ೨ ದಂಡ. ರಥಪಥಕ್ಕೆ ೫ ಅರತ್ನಿ. ಪಶುಪಥಕ್ಕೆ ೪ ಅರತ್ನಿ. ಸಣ್ಣ ಪಶುಗಳಿಗೂ ಮನುಷ್ಯರಿಗೂ ಸೇರಿದ ದಾರಿಗೆ ೨ ಅರತ್ನಿ.

ಇಲ್ಲಿ ದಂಡವೆಂದರೆ ಎಷ್ಟು ಎಂಬುದು ವಿಚಾರಣೀಯ. ಅದೇ ಅಧಿಕರಣದ ಇಪ್ಪತ್ತನೆಯ ಅಧ್ಯಾಯದಲ್ಲಿ ೨೪ ಅಂಗುಲಗಳಿಗೆ ಒಂದು ಅರತ್ನಿಯೆಂದೂ ೪ ಅರತ್ನಿಗಳಿಗೆ ಒಂದು ದಂಡವೆಂದೂ ಹೇಳಿರುವುದರಿಂದ ದಂಡಕ್ಕೆ ೯೬ ಅಂಗುಲಗಳಾಗುತ್ತವೆ. ಆದರೆ ಅಲ್ಲಿಯೇ, ಮಾರ್ಗಗಳನ್ನೂ ಪ್ರಾಕಾರಗಳನ್ನೂ ಅಳೆಯುವುದಕ್ಕೆ ೧೦೮ ಅಂಗುಲಗಳ ಧನುಸ್ಸನ್ನು ಬೇರೆಯಾಗಿ ಹೇಳಿದೆ. ಅಂಗುಲವನ್ನು ಮುಕ್ಕಾಲು ಅಂಗುಳವೆಂದು, ಎಂದರೆ ಇಂದಿನ ಇಂಚಿನ ಮುಕ್ಕಾಲು ಪಾಲೆಂದು ಎಣಿಸಿದರೆ, ಮೊದಲನೆಯ ಲೆಕ್ಕದಲ್ಲಿ ರಾಜಮಾರ್ಗದ ಅಗಲವು ೪೮ ಅಡಿ, ಎರಡನೆಯ ಲೆಕ್ಕದಲ್ಲಿ ೫೪ ಅಡಿ. ಸಾಮಾನ್ಯವಿಧಿಗಿಂತ ವಿಶೇಷವಿಧಿಯು ಬಲವತ್ತರವೆಂಬ ನ್ಯಾಯದಿಂದ, ಮಾರ್ಗಕ್ಕೆಂದೇ ಹೇಳಿರುವ ೧೦೮ ಅಂಗುಲಗಳ ಮಾನವನ್ನು ಇಲ್ಲಿ ಹಿಡಿಯುವುದು ಯುಕ್ತವೆಂದು ತೋರುತ್ತದೆ. ಅರತ್ನಿಯಲ್ಲಿ ಹೇಳಿರುವ ಸಣ್ಣ ದಾರಿಗಳಿಗೆ ಈ ಸಂದೇಹವಿಲ್ಲ. ರಥಪಥವು ಏಳೂವರೆ ಅಡಿ, ಪಶುಪಥವು ೬ ಅಡಿ, ಮನುಷ್ಯಪಥವು ೩ ಅಡಿ.

ಇದನ್ನು ಇಂದಿನ ಮಾನದೊಡನೆ ಹೋಲಿಸಿದರೆ ಗಮನಿಸತಕ್ಕ ಅಂಶವೊಂದು ಹೊರಪಡುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯು ಪಾದಚಾರಿಗಳ ಸೌಕರ್ಯವನ್ನು ಕುರಿತು ೨೦೧೨ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಕಾಲುದಾರಿಯಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠಪಕ್ಷ ೧.೮ ಮೀಟರುಗಳ ಅಗಲವಿರಬೇಕೆಂದು ಹೇಳಿದೆ. ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಿಹೋಗಲು ಬೇಕಾದ ಸ್ಥಳವಿದು. ೧.೮ ಮೀಟರೆಂದರೆ ಹೆಚ್ಚುಕಡಿಮೆ ೬ ಅಡಿ; ಅದು ಕೌಟಿಲ್ಯನ ಪಶುಪಥ. ಅವನ ಮನುಷ್ಯಪಥವು ಅದರಲ್ಲಿ ಅರ್ಧ. ಒಂದು ಗಾಲಿಕುರ್ಚಿಯು ಹೋಗಬಹುದು, ಎದುರಿಗೆ ಇನ್ನೊಂದು ಬಂದರೆ ಎರಡೂ ನಿಲ್ಲಬೇಕು. ಹೀಗಿರಲು, ಪ್ರಾಚೀನರು ಪಾದಚಾರಿಗೆ ಇಂದಿನವರಿಗಿಂತ ಉದಾರವಾಗಿ ಸ್ಥಳವನ್ನು ಕೊಟ್ಟಿದ್ದರೆಂಬ ಮಾತು ಈ ಗ್ರಂಥದಿಂದ ಸಿದ್ಧಿಸುವುದಿಲ್ಲ. ಮನುಷ್ಯನನ್ನು ಕುರಿಮೇಕೆಗಳೊಡನೆ ಒಂದೇ ಪಂಕ್ತಿಯಲ್ಲಿ ಸೇರಿಸಿ, ಎತ್ತುಕೋಣಗಳಿಗಿಂತ ಇಕ್ಕಟ್ಟಾದ ದಾರಿಯನ್ನು ವಿಧಿಸಿರುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಇಲ್ಲಿ ಕೆಲವರು ಒಂದು ಯುಕ್ತಿಯನ್ನು ಹೂಡಬಹುದು. ರಥ್ಯೆಯ ಅಗಲ ೪ ದಂಡ, ಎಂದರೆ ೧೬ ಅರತ್ನಿ. ಹೋಗುವ ರಥಕ್ಕೆ ೫, ಬರುವ ರಥಕ್ಕೆ ೫ ಕಳೆದರೆ ಉಳಿಯುವುದು ೬. ಆ ಆರನ್ನು ಎರಡು ಪಕ್ಕಗಳಿಗೆ ಹಂಚಿದರೆ ಮೂರು ಮೂರು ಅರತ್ನಿಗಳ ಕಾಲುದಾರಿಗಳಾಗುತ್ತವೆ ಎಂದು. ಲೆಕ್ಕವು ಅಂದವಾಗಿದೆ, ಆದರೆ ಗ್ರಂಥದಲ್ಲಿ ಇದಕ್ಕೆ ಆಧಾರವಿಲ್ಲ. ರಥ್ಯೆಯನ್ನು ಹೀಗೆ ಭಾಗಿಸಬೇಕೆಂದು ಕೌಟಿಲ್ಯನು ಎಲ್ಲಿಯೂ ಹೇಳಿಲ್ಲ. ಬಂಡಿಯ ದಾರಿಯ ಪಕ್ಕದಲ್ಲಿ ನಡೆಯುವವರಿಗೆಂದು ಜಂಘಾಪಥವೆಂಬ ಬೇರೆಯ ಸಂಜ್ಞೆಯು ಕಾಣುವುದು ಅನಂತರ ಹುಟ್ಟಿದ ಭೋಜರಾಜನ ಸಮರಾಂಗಣಸೂತ್ರಧಾರದಂಥ ಗ್ರಂಥದಲ್ಲಿ. ಒಂದು ಗ್ರಂಥದಲ್ಲಿರುವುದನ್ನು ಇನ್ನೊಂದಕ್ಕೆ ಆರೋಪಿಸಿ ಎಲ್ಲವನ್ನೂ ಪ್ರಾಚೀನರ ಏಕಮತವೆಂದು ಹೇಳುವುದು ವಿಮರ್ಶಕನ ಮಾರ್ಗವಲ್ಲ.

ಹಾಗಾದರೆ ದುರ್ಗನಿವೇಶದಲ್ಲಿ ಇಂದಿನವರು ಕಲಿಯತಕ್ಕದ್ದು ಏನೂ ಇಲ್ಲವೆ? ಉಂಟು, ಆದರೆ ಅದು ಅಳತೆಯಲ್ಲಿಲ್ಲ, ನಿವೇಶಕ್ರಮದಲ್ಲಿದೆ. ಗಂಧ, ಧಾನ್ಯ, ಲೋಹ, ನೂಲು ಮುಂತಾದುವುಗಳ ವ್ಯಾಪಾರಿಗಳೂ ಆಯಾ ಕಸುಬಿನವರೂ ನಗರದ ಯಾವ ಯಾವ ಭಾಗದಲ್ಲಿರಬೇಕೆಂಬುದನ್ನು ಕೌಟಿಲ್ಯನು ವಿವರಿಸಿದ್ದಾನೆ. ಹತ್ತು ಮನೆಗಳ ವಠಾರಕ್ಕೆ ಒಂದು ಬಾವಿಯನ್ನು ವಿಧಿಸಿದ್ದಾನೆ. ಕೆಲಸವೂ ಮನೆಯೂ ಅಂಗಡಿಯೂ ನೀರೂ ನಡೆದುಹೋಗುವಷ್ಟು ಹತ್ತಿರದಲ್ಲಿದ್ದರೆ ವಾಹನದ ಅಗತ್ಯವೇ ಕಡಮೆಯಾಗುತ್ತದೆ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿನ ಹಳೆಯ ಪೇಟೆಯು ಇದಕ್ಕೆ ಸಾಕ್ಷಿಯಾಗಿದೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಸಾರುವಂತೆ, ಕಸುಬಿನವನ ಮನೆಯೂ ಮಳಿಗೆಯೂ ಒಂದೇ ಬೀದಿಯಲ್ಲಿದ್ದುವು. ಸಂಚಾರವನ್ನು ಸುಲಭಪಡಿಸುವ ಮೊದಲನೆಯ ಉಪಾಯವು ದೂರವನ್ನು ಕಡಮೆಮಾಡುವುದು, ರಸ್ತೆಯನ್ನು ಅಗಲಮಾಡುವುದು ಆಮೇಲಿನ ಮಾತು, ಎಂಬ ತತ್ತ್ವವು ಇಲ್ಲಿ ಬಾಯಿಬಿಟ್ಟು ಹೇಳದೆಯೇ ಸಿದ್ಧವಾಗಿದೆ.

(೩)

ಇನ್ನು ಧರ್ಮಶಾಸ್ತ್ರಗಳ ವಿಚಾರ. ಅಲ್ಲಿ ದಾರಿಯ ಅಗಲಕ್ಕಿಂತ ದಾರಿಯಲ್ಲಿ ಯಾರಿಗೆ ಯಾರು ಎಡೆಕೊಡಬೇಕೆಂಬುದೇ ಪ್ರಧಾನವಾಗಿದೆ. ಇದಕ್ಕೆ ಪಥದಾನವೆಂದು ಹೆಸರಿಡಬಹುದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಚಕ್ರವುಳ್ಳ ವಾಹನದಲ್ಲಿ ಹೋಗುವವನು, ತೊಂಬತ್ತು ವರ್ಷಗಳನ್ನು ದಾಟಿದವನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕ, ರಾಜ, ಮದುವೆಗೆ ಹೊರಟ ವರ ಇವರಿಗೆ ದಾರಿಯನ್ನು ಬಿಡಬೇಕೆಂದು ವಿಧಿಸಿದೆ. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿಯೂ ಇವರೇ ಬರುತ್ತಾರೆ. ಆದರೆ ಅಲ್ಲಿ ವೃದ್ಧನು ಮೊದಲು, ಚಕ್ರಿಯು ಕೊನೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಗೇ ಆದುದರಿಂದ ಕನ್ನಡನಾಡಿನವರಿಗೆ ಇದು ಹೆಚ್ಚು ಪರಿಚಿತವಾದ ಪಾಠ. ಗೌತಮಧರ್ಮಸೂತ್ರದಲ್ಲಿ ಚಕ್ರಿ, ಅತಿವೃದ್ಧ, ವಧು, ಸ್ನಾತಕ, ರಾಜರೊಡನೆ ಅನುಗ್ರಾಹ್ಯ ಎಂಬ ಪದವೊಂದು ಸೇರಿದೆ. ದಯೆಗೆ ಪಾತ್ರನಾದವನು ಎಂದು ಅದರ ಅರ್ಥ.

ಈ ಪಟ್ಟಿಗಳನ್ನು ಶೋಧಿಸಿ ನೋಡಿದರೆ ಇವುಗಳಲ್ಲಿ ಎರಡು ಬೇರೆ ಬೇರೆ ಹೇತುಗಳು ಬೆರೆತಿರುವುದು ಕಾಣುತ್ತದೆ. ವೃದ್ಧ, ರೋಗಿ, ಹೊರೆ ಹೊತ್ತವ ಇವರಿಗೆ ದಾರಿ ಬಿಡುವುದಕ್ಕೆ ಕಾರಣ ಅಶಕ್ತಿ: ಅವರು ಥಟ್ಟನೆ ಪಕ್ಕಕ್ಕೆ ಸರಿಯಲಾರರು. ರಾಜ, ಸ್ನಾತಕ, ವರ ಇವರಿಗೆ ದಾರಿ ಬಿಡುವುದಕ್ಕೆ ಕಾರಣ ಮಾನ: ಅವರು ಸರಿಯಬಲ್ಲರು, ಆದರೆ ಸರಿಯುವುದು ಅವರ ಗೌರವಕ್ಕೆ ತಕ್ಕದ್ದಲ್ಲವೆಂದು ಭಾವನೆ. ಪಟ್ಟಿಯ ಕ್ರಮವನ್ನು ನೋಡಿ ಇವರಲ್ಲಿ ಯಾರು ಮೇಲೆಂದು ನಿರ್ಣಯಿಸಲಾಗದು. ಶ್ಲೋಕದಲ್ಲಿ ಛಂದಸ್ಸಿನ ಒತ್ತಾಯದಿಂದ ಪದಗಳು ಹಿಂದುಮುಂದಾಗುವುದುಂಟು. ಪಾಠಕ್ರಮಕ್ಕಿಂತ ಅರ್ಥಕ್ರಮವು ಪ್ರಬಲವೆಂದು ಮೀಮಾಂಸಕರು ಹೇಳುವುದು ಇಂಥ ಸ್ಥಳಗಳಿಗಾಗಿಯೇ. ಆದರೆ ಎರಡು ಹೇತುಗಳಿಗೆ ವಿರೋಧ ಬಂದಾಗ ಏನು ಮಾಡಬೇಕೆಂಬುದನ್ನು ಮನುಸ್ಮೃತಿಯ ಮುಂದಿನ ಶ್ಲೋಕವು ಹೇಳುತ್ತದೆ: ಇವರೆಲ್ಲರೂ ಒಟ್ಟಿಗೆ ಸೇರಿದರೆ ಸ್ನಾತಕನೂ ರಾಜನೂ ಮಾನ್ಯರು, ಅವರಿಬ್ಬರಲ್ಲಿ ಸ್ನಾತಕನೇ ರಾಜನಿಂದ ಮಾನ್ಯನು. ಎಂದರೆ ಅಶಕ್ತಿಗೂ ಮಾನಕ್ಕೂ ಘರ್ಷಣೆ ಬಂದಲ್ಲಿ ಸ್ಮೃತಿಯು ಮಾನದ ಕಡೆಗೆ ವಾಲಿದೆ.

ಮಹಾಭಾರತದ ವನಪರ್ವದಲ್ಲಿ ಬರುವ ಅಷ್ಟಾವಕ್ರನ ಕಥೆಯು ಇದೇ ವಿಷಯವನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಜನಕನ ಯಜ್ಞಕ್ಕೆ ಹೊರಟ ಬಾಲಕನಿಗೆ ದಾರಿಯಲ್ಲಿ ರಾಜನೇ ಎದುರಾಗಿ, ದಾರಿಯ ಪ್ರಶ್ನೆ ಹುಟ್ಟುತ್ತದೆ. ಆಗ ಅಷ್ಟಾವಕ್ರನು, ಕುರುಡನಿಗೂ ಕಿವುಡನಿಗೂ ಸ್ತ್ರೀಗೂ ಹೊರೆ ಹೊತ್ತವನಿಗೂ ರಾಜನಿಗೂ ದಾರಿಯು ಸಲ್ಲುವುದೆಂದೂ, ಬ್ರಾಹ್ಮಣನು ಎದುರಾದರೆ ಮಾತ್ರ ದಾರಿಯು ಅವನದೆಂದೂ ಹೇಳುತ್ತಾನೆ. ಜನಕನು ದಾರಿಯನ್ನು ಬಿಡುತ್ತಾನೆ. ಕುರುಡನನ್ನೂ ಕಿವುಡನನ್ನೂ ರಾಜನಿಗಿಂತ ಮೊದಲು ಎಣಿಸಿರುವುದು ಈ ವಾಕ್ಯದ ಹಿರಿಮೆ. ಇಂದಿನ ಲೇಖಕರು ಎತ್ತಿ ತೋರಿಸಬೇಕಾದ ವಾಕ್ಯವೂ ಇದೇ. ಆದರೆ ಕಥೆಯ ಗತಿಯನ್ನು ಗಮನಿಸಬೇಕು. ಹೇಳುವವನು ಎಂಟು ಅಂಗಗಳಲ್ಲಿ ವಕ್ರನಾದವನು. ತಾನು ನೆಟ್ಟಗೆ ನಡೆಯಲಾರೆನಾದುದರಿಂದ ದಾರಿ ಬಿಡೆಂದು ಅವನು ಕೇಳಿದ್ದರೆ ಅಶಕ್ತಿಯೇ ಹೇತುವಾಗುತ್ತಿತ್ತು. ಅವನು ಕೇಳಿದುದು ಬ್ರಾಹ್ಮಣ್ಯದ ಬಲದಿಂದ. ರಾಜನು ಬಿಟ್ಟುದೂ ಅದಕ್ಕಾಗಿಯೇ. ವಕ್ರಾಂಗನ ಬಾಯಿಂದ ಹೊರಟ ಈ ಮಾತಿನಲ್ಲಿ ವಕ್ರಾಂಗನಿಗೆ ಸ್ವತಂತ್ರವಾದ ಹಕ್ಕು ಸಿದ್ಧಿಸದೆ ಹೋಯಿತೆಂಬುದು ಚಿಂತನೀಯ.

ಇನ್ನು ಚಕ್ರಿಯ ವಿಷಯ. ವಾಹನದಲ್ಲಿ ಕುಳಿತವನಿಗೆ ನಡೆಯುವವನು ದಾರಿ ಬಿಡಬೇಕೆಂಬುದನ್ನು ಹಿಡಿದು, ಇಂದಿನ ಮೋಟಾರಿನವನಿಗೂ ಶಾಸ್ತ್ರಸಮ್ಮತಿಯಿದೆಯೆಂದು ಯಾರಾದರೂ ವಾದಿಸಬಹುದು. ಚಕ್ರಿಯು ಯಾವ ಹೇತುವಿನಿಂದ ಪಟ್ಟಿಯಲ್ಲಿ ಸೇರಿದನೆಂಬುದನ್ನು ಮೊದಲು ನೋಡಬೇಕು. ನೊಗಕ್ಕೆ ಕಟ್ಟಿದ ಎತ್ತುಕುದುರೆಗಳು ಸಾರಥಿಯ ಇಚ್ಛೆಯಂತೆ ತಕ್ಷಣ ನಿಲ್ಲುವುದಿಲ್ಲ. ಭಾರವಾದ ಬಂಡಿಯನ್ನು ಹಿಂದಕ್ಕೆ ತಳ್ಳುವುದೂ ಪಕ್ಕಕ್ಕೆ ತಿರುಗಿಸುವುದೂ ಕಷ್ಟ. ನಡೆಯುವವನು ಒಂದು ಹೆಜ್ಜೆ ಸರಿದರೆ ಕೆಲಸ ಮುಗಿಯುತ್ತದೆ. ಹೀಗೆ ಚಕ್ರಿಗೂ ಅಶಕ್ತಿಯೇ ಹೇತುವೆಂದು ಇಟ್ಟುಕೊಳ್ಳುವುದು ಸಮಂಜಸವಾಗಿದೆ. ಮಾನವೇ ಹೇತುವಾಗಿದ್ದರೆ ಬಾಡಿಗೆಯ ಬಂಡಿ ಹೊಡೆಯುವವನಿಗೆ ಅದು ಸಲ್ಲುತ್ತಿರಲಿಲ್ಲ. ಇಂದಿನ ಮೋಟಾರಿನಲ್ಲಿ ಈ ಹೇತುವಿಲ್ಲ. ಕಾಲಿನಿಂದ ಒತ್ತಿದರೆ ನಿಲ್ಲುತ್ತದೆ, ಕೈಯಿಂದ ತಿರುಗಿಸಿದರೆ ತಿರುಗುತ್ತದೆ, ಹಿಂದಕ್ಕೂ ಹೋಗುತ್ತದೆ. ಕಾರಣವು ಹೋದಲ್ಲಿ ಕಾರ್ಯವೂ ಹೋಗಬೇಕಷ್ಟೆ. ಹಾಗಿದ್ದರೂ ನಗರದ ಬೀದಿಗಳಲ್ಲಿ ವಾಹನಸ್ಥನಿಗೆ ಎಲ್ಲರೂ ದಾರಿ ಬಿಡುತ್ತಿರುವುದು ಏತಕ್ಕೆಂದರೆ, ಅಶಕ್ತಿಯ ಹೇತುವಿನಿಂದ ಬಂದ ಸ್ಥಾನವನ್ನು ಅವನು ಮಾನದ ಹೇತುವಿನಿಂದ ಉಳಿಸಿಕೊಂಡಿದ್ದಾನೆ. ಹಿಂದೆ ರಾಜನಿಗೂ ಸ್ನಾತಕನಿಗೂ ಇದ್ದ ಗೌರವವು ಈಗ ವಾಹನಕ್ಕೆ ಸಂದಿದೆ.

(೪)

ದಂಡವಿಧಿಗಳನ್ನು ನೋಡಿದರೆ ಪ್ರಾಚೀನರ ವಿವೇಕವು ಹೆಚ್ಚು ಸ್ಫುಟವಾಗುತ್ತದೆ. ಬೀದಿಯಲ್ಲಿ ಕಸಮಣ್ಣನ್ನು ಹಾಕಿದವನಿಗೆ ಪಣದಲ್ಲಿ ಎಂಟನೆಯ ಒಂದು ಪಾಲು, ಕೆಸರುನೀರಿನಿಂದ ದಾರಿಯನ್ನು ಕಟ್ಟಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಅದರ ಎರಡರಷ್ಟು ಎಂದು ಅರ್ಥಶಾಸ್ತ್ರದ ನಾಗರಿಕಪ್ರಣಿಧಿಯಲ್ಲಿ ವಿಧಿಸಿದೆ. ಮೂರನೆಯ ಅಧಿಕರಣದಲ್ಲಿ ಮಾರ್ಗವನ್ನು ಅಡ್ಡಗಟ್ಟಿದವನಿಗೆ ದಂಡವುಂಟು: ಮನುಷ್ಯರ ಮತ್ತು ಸಣ್ಣ ಪಶುಗಳ ದಾರಿಗೆ ೧೨ ಪಣ, ದೊಡ್ಡ ಪಶುಗಳ ದಾರಿಗೆ ೨೪ ಪಣ. ಇಲ್ಲಿಯೂ ಮನುಷ್ಯಪಥಕ್ಕೆ ಕಡಮೆಯ ಬೆಲೆಯೇ ಕಟ್ಟಿದೆಯೆಂಬುದು ನಿಜ; ಆದರೆ ಬೆಲೆಯನ್ನಾದರೂ ಕಟ್ಟಿದೆ. ಕಾಲುದಾರಿಯ ಮೇಲೆ ವಾಹನವನ್ನು ನಿಲ್ಲಿಸುವುದು, ಮನೆ ಕಟ್ಟುವ ಜಲ್ಲಿಮರಳನ್ನು ರಾಶಿಹಾಕುವುದು ಇವು ಅಪರಾಧಗಳೆಂಬ ಪ್ರಜ್ಞೆಯೇ ಮಾಸಿಹೋಗಿರುವ ಬೀದಿಗಳಿಗೆ ಈ ೧೨ ಪಣಗಳೂ ಪಾಠವಾಗತಕ್ಕವು.

ವಾಹನದಿಂದ ಆಗುವ ಹಿಂಸೆಯ ವಿಷಯವು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿಯೂ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಬಂದಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಚಕ್ರ ಭಗ್ನವಾದರೆ, ಸಾರಥಿಯು ಸರಿಯಿರೆಂದು ಕೂಗಿದ್ದರೆ ಅವನಿಗೆ ದಂಡವಿಲ್ಲವೆಂದು ಮನುವಿನ ಮತ. ಆದರೆ ಸಾರಥಿಯ ಅಕೌಶಲದಿಂದ ಹಿಂಸೆಯಾದರೆ ಒಡೆಯನಿಗೆ ೨೦೦ ಪಣಗಳ ದಂಡ; ಸಾರಥಿಯು ಕುಶಲನಾಗಿದ್ದರೆ ದಂಡವು ಅವನಿಗೆ; ಅಕುಶಲನಾದವನ ವಾಹನದಲ್ಲಿ ಕುಳಿತವರೆಲ್ಲರಿಗೂ ನೂರು ನೂರು ಪಣ. ಹೊಡೆಯುವವನು ಬಾಲಕನಾದರೆ ಅದರಲ್ಲಿ ಕುಳಿತ ಒಡೆಯನೇ ದಂಡಾರ್ಹನೆಂದೂ, ಬಾಲಕನ ವಶದಲ್ಲಿರುವ ವಾಹನವನ್ನು ರಾಜನು ತೆಗೆದುಕೊಳ್ಳಬಹುದೆಂದೂ ಕೌಟಿಲ್ಯನು ಹೇಳುತ್ತಾನೆ. ಅಪ್ರಾಪ್ತವಯಸ್ಕರು ವಾಹನ ನಡೆಸಿ ಅಪರಾಧಮಾಡಿದರೆ ರಕ್ಷಕರನ್ನೂ ಒಡೆಯರನ್ನೂ ಹೊಣೆಮಾಡುವ ವಿಧಿಯು ಭಾರತದ ಮೋಟಾರುವಾಹನ ಕಾಯಿದೆಯಲ್ಲಿ ೨೦೧೯ರ ತಿದ್ದುಪಡಿಯಿಂದ ಸೇರಿತು. ವಾಹನದ ಹೊಣೆಯು ಅದನ್ನು ಹಿಡಿದ ಕೈಗೆ ಮಾತ್ರ ಸೇರಿದುದಲ್ಲ, ಅದರಿಂದ ಲಾಭ ಪಡೆಯುವವರೆಲ್ಲರಿಗೂ ಹಂಚಿಹೋಗುವುದೆಂಬ ಈ ತತ್ತ್ವವು ಅಭಿನಂದನೀಯವಾಗಿದೆ.

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಇನ್ನೊಂದು ವಿಧಿಯೂ ಸ್ಮರಣೀಯ. ರಾಜಮಾರ್ಗದಲ್ಲಿ ಹೊಲಸುಮಾಡಿದವನು ಎರಡು ಕಾರ್ಷಾಪಣಗಳನ್ನು ತೆತ್ತು ಅದನ್ನು ತಾನೇ ಶುಚಿಮಾಡಬೇಕು. ಆದರೆ ಆಪತ್ತಿನಲ್ಲಿದ್ದವನು, ವೃದ್ಧ, ಗರ್ಭಿಣಿ, ಬಾಲಕ ಇವರಿಗೆ ದಂಡವಿಲ್ಲ, ಮಾತಿನಿಂದ ಹೇಳಿ ಶುಚಿಮಾಡಿಸಬೇಕು. ಎಲ್ಲರ ಶರೀರವೂ ಒಂದೇ ತೆರನಲ್ಲವೆಂಬ ಅರಿವಿನಿಂದ ವಿಧಿಯನ್ನು ಸಡಿಲಿಸಿರುವುದು ಇಲ್ಲಿ ಕಾಣುತ್ತದೆ.

(೫)

ಗುಣಗಳನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಚಂಡಾಲರು ಶ್ಮಶಾನದ ಅಂಚಿನಲ್ಲಿ ವಾಸಿಸಬೇಕೆಂದು ಅದೇ ದುರ್ಗನಿವೇಶದಲ್ಲಿದೆ. ನಾಲ್ಕು ವರ್ಣಗಳಿಗೆ ನಾಲ್ಕು ದಿಕ್ಕುಗಳನ್ನು ಹಂಚಿಕೊಟ್ಟಿದೆ. ನಿವೇಶಕ್ರಮದ ಯಾವ ಗುಣದಿಂದ ಕಸುಬಿನವನಿಗೆ ಕೆಲಸವು ಹತ್ತಿರವಾಯಿತೋ ಅದೇ ಕ್ರಮದಿಂದ ಕೆಲವರಿಗೆ ನಗರವೇ ದೂರವಾಯಿತು. ದಾರಿಯು ಅಗಲವಾಗಿದ್ದರೇನು, ಅದರಲ್ಲಿ ಕಾಲಿಡುವ ಅಧಿಕಾರವಿಲ್ಲದವನಿಗೆ ಅದು ಗೋಡೆಯೇ. ಇದು ಬರಿಯ ಗ್ರಂಥದ ಮಾತಲ್ಲ. ತಿರುವಾಂಕೂರಿನ ವೈಕಂನಲ್ಲಿ ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿಯೇ ೧೯೨೪ರ ಮಾರ್ಚ್ ೩೦ರಿಂದ ೧೯೨೫ರ ನವೆಂಬರಿನವರೆಗೆ ಸತ್ಯಾಗ್ರಹ ನಡೆಯಬೇಕಾಯಿತು. ಕೊನೆಗೆ ಮೂರು ಬೀದಿಗಳು ತೆರೆದುವು, ಪೂರ್ವದ ಬೀದಿ ತೆರೆಯಲಿಲ್ಲ. ಅಲ್ಲಿ ದಾರಿ ಕೇಳಿದವರು ಕುರುಡರೂ ಅಲ್ಲ, ಕುಂಟರೂ ಅಲ್ಲ. ಸಂಚಾರಕ್ಕೆ ಅಡ್ಡಿಯು ಕಲ್ಲುಮಣ್ಣುಗಳಿಂದ ಮಾತ್ರ ಕಟ್ಟಲ್ಪಡುವುದಿಲ್ಲವೆಂಬುದಕ್ಕೆ ಇದೇ ನಿದರ್ಶನ. ಪ್ರಾಚೀನ ನಗರಯೋಜನೆಯನ್ನು ಇಂದಿಗೂ ಆದರ್ಶವೆಂದು ಹೇಳುವವರು ಇದಕ್ಕೆ ಸಮಾಧಾನವನ್ನು ಹೇಳಬೇಕಾಗುತ್ತದೆ. ಸಮಾಧಾನವು ಇಲ್ಲವಾದುದರಿಂದ ಆದರ್ಶವೆಂಬ ಮಾತನ್ನು ಬಿಡಬೇಕಾಗುತ್ತದೆ.

(೬)

ಇಂದಿನ ನೀತಿವಾಕ್ಯಗಳನ್ನೂ ಇದೇ ನಿಕಷಕ್ಕೆ ಹಚ್ಚುವುದು ನ್ಯಾಯ. ಭಾರತ ಸರ್ಕಾರವು ೨೦೦೬ರ ಏಪ್ರಿಲಿನಲ್ಲಿ ರಾಷ್ಟ್ರೀಯ ನಗರಸಾರಿಗೆ ನೀತಿಯನ್ನು ಪ್ರಕಟಿಸಿತು. ರಸ್ತೆಯ ಸ್ಥಳವನ್ನು ಹಂಚುವಾಗ ವಾಹನಗಳನ್ನಲ್ಲ, ಜನರನ್ನು ಲಕ್ಷ್ಯದಲ್ಲಿಡಬೇಕೆಂಬುದು ಅದರ ಪ್ರತಿಜ್ಞಾವಾಕ್ಯ. ನಾಲ್ವತ್ತು ಜನರನ್ನು ಹೊತ್ತ ಬಸ್ಸಿಗೆ, ಒಬ್ಬಿಬ್ಬರನ್ನು ಹೊತ್ತ ಕಾರಿಗಿಂತ ಎರಡೂವರೆ ಪಾಲು ಮಾತ್ರ ಹೆಚ್ಚು ಸ್ಥಳ ದೊರೆಯುತ್ತಿರುವುದನ್ನು ಅದು ಅನ್ಯಾಯವೆಂದು ತೋರಿಸಿತು. ಸಾರ್ವಜನಿಕ ವಾಹನ, ಸೈಕಲ್ಲು, ಕಾಲುನಡಿಗೆ ಇವುಗಳಿಗೆ ಆದ್ಯತೆಯನ್ನೂ, ನೆಲದ ಬಳಕೆಯನ್ನೂ ಸಂಚಾರವನ್ನೂ ಒಟ್ಟಿಗೆ ಯೋಜಿಸುವ ಕ್ರಮವನ್ನೂ ಅದು ಹೇಳಿತು. ಈ ತತ್ತ್ವಗಳಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಪಥದಾನದಲ್ಲಿ ಬೆರೆತಿದ್ದ ಮಾನದ ಹೇತುವನ್ನು ತೆಗೆದುಹಾಕಿ ತಲೆಯೆಣಿಕೆಯ ಸಮತ್ವವನ್ನು ಅದು ಸ್ಥಾಪಿಸಿದೆ. ಹೊರೆ ಹೊತ್ತವನಿಗೆ ದಾರಿ ಬಿಡಬೇಕೆಂದ ಸ್ಮೃತಿಯೇ, ನಾಲ್ವತ್ತು ಜನರ ಹೊರೆ ಹೊತ್ತ ಬಸ್ಸಿಗೂ ದಾರಿ ಬಿಡಬೇಕೆಂದು ಹೇಳಿದಂತಾಯಿತು.

ಆದರೆ ವಾಕ್ಯಗಳಲ್ಲಿ ವಿಧಿ, ಅರ್ಥವಾದವೆಂಬ ಭೇದವುಂಟು. ಮಾಡಬೇಕೆಂದು ಪ್ರವರ್ತಿಸುವುದು ವಿಧಿ. ಒಳ್ಳೆಯದೆಂದು ಹೊಗಳುವುದು ಅರ್ಥವಾದ. ವಿಧಿಯನ್ನು ಸೇರದ ಅರ್ಥವಾದಕ್ಕೆ ತಾನೇ ಫಲವಿಲ್ಲ. ೨೦೦೬ರ ನೀತಿಯಲ್ಲಿ ಹೊಗಳಿಕೆಯ ವಾಕ್ಯಗಳು ಹೇರಳವಾಗಿವೆ, ಮೀರಿದವನಿಗೆ ಇಂಥ ದಂಡವೆಂಬ ವಾಕ್ಯವಿಲ್ಲ. ಕೌಟಿಲ್ಯನು ಮನುಷ್ಯಪಥವನ್ನು ಇಕ್ಕಟ್ಟುಮಾಡಿದರೂ ಅದಕ್ಕೆ ಹನ್ನೆರಡು ಪಣಗಳ ಕಾವಲಿಟ್ಟನು. ಈ ನೀತಿಯು ವಿಶಾಲವಾದ ಪಥವನ್ನು ವರ್ಣಿಸಿ ಕಾವಲಿಲ್ಲದೆ ಬಿಟ್ಟಿತು.

ವಿಕಲಾಂಗರ ಹಕ್ಕುಗಳ ೨೦೧೬ರ ಕಾಯಿದೆಯು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿತು. ಬಸ್ಸು, ರೈಲು, ನಿಲ್ದಾಣಗಳನ್ನೂ ರಸ್ತೆಗಳನ್ನೂ ಅವರಿಗೆ ಸುಗಮವಾಗುವಂತೆ ಮಾಡಬೇಕೆಂದು ಅದರ ೪೧ನೆಯ ಕಲಮು ವಿಧಿಸುತ್ತದೆ; ಕಾಯಿದೆಯನ್ನು ಮೀರಿದವರಿಗೆ ಮೊದಲ ಸಲ ೧೦,೦೦೦ ರೂಪಾಯಿಗಳವರೆಗೆ, ಮತ್ತೆ ಮೀರಿದರೆ ೫೦,೦೦೦ದಿಂದ ೫ ಲಕ್ಷ ರೂಪಾಯಿಗಳವರೆಗೆ ದಂಡವನ್ನು ೮೯ನೆಯ ಕಲಮು ಹೇಳುತ್ತದೆ. ಆದರೂ ಅದರ ಕೆಳಗೆ ಹೊರಟ ನಿಯಮವು ಸುಗಮತೆಯ ಮಾನಗಳನ್ನು ಬರಿಯ ಮಾರ್ಗಸೂ‌ಚಿಗಳ ರೂಪದಲ್ಲಿಟ್ಟಿತು. ವಿಧಿಯ ಹೊಟ್ಟೆಯಲ್ಲಿ ಮತ್ತೆ ಅರ್ಥವಾದವೇ ಸೇರಿಕೊಂಡಿತು. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿಯವರ ವ್ಯಾಜ್ಯದಲ್ಲಿ, ಇಂಥ ಐಚ್ಛಿಕವಾದ ಸೂಚನೆಗಳು ಕಾಯಿದೆಯ ಉದ್ದೇಶಕ್ಕೆ ವಿರುದ್ಧವೆಂದು ಆ ನಿಯಮವನ್ನು ಅಸಿಂಧುವೆಂದು ತೀರ್ಮಾನಿಸಿ, ತಪ್ಪದೆ ಪಾಲಿಸತಕ್ಕ ಮಾನಗಳನ್ನು ರಚಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ೨೦೨೫ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಪಾದಚಾರಿಗಳಿಗೆ ಕಾಲುದಾರಿಯ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದಿಂದಲೇ ಬರುತ್ತದೆಂದು ಹೇಳಿತು. ಹೀಗೆ ಗೌತಮನ ಅನುಗ್ರಾಹ್ಯನು ಇಲ್ಲಿ ಅಧಿಕಾರಿಯಾದನು. ದಯೆಯಿಂದ ದೊರೆಯುತ್ತಿದ್ದ ದಾರಿ ಹಕ್ಕಿನಿಂದ ದೊರೆಯುವ ದಾರಿಯಾಯಿತು.

ಈ ಬದಲಾವಣೆಯ ತಿರುಳು ಎಲ್ಲಿದೆಯೆಂಬುದನ್ನು ಪೂರ್ವಮೀಮಾಂಸೆಯ ಅಧಿಕಾರಾಧ್ಯಾಯದ ಹಿನ್ನೆಲೆಯಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಅಂಗಹೀನನಿಗೆ ಯಜ್ಞದಲ್ಲಿ ಅಧಿಕಾರವುಂಟೆ ಎಂಬ ಪ್ರಶ್ನೆಯನ್ನು ಜೈಮಿನಿಯು ಆರನೆಯ ಅಧ್ಯಾಯದಲ್ಲಿ ಎತ್ತುತ್ತಾನೆ. ವೈಕಲ್ಯವು ಚಿಕಿತ್ಸೆಯಿಂದ ಹೋಗುವಂಥದಾದರೆ ಅಧಿಕಾರವುಂಟು, ಹೋಗದಂಥದಾದರೆ ಇಲ್ಲ ಎಂಬುದು ಅಲ್ಲಿಯ ಸಿದ್ಧಾಂತ. ಕರ್ಮವು ಇದ್ದಂತೆಯೇ ಇರಬೇಕು, ಮನುಷ್ಯನು ಅದಕ್ಕೆ ತಕ್ಕವನಾಗಬೇಕು ಎಂಬುದು ಅದರ ಅಭಿಪ್ರಾಯ. ಯಜ್ಞದ ವಿಷಯದಲ್ಲಿ ಅದು ಹಾಗಿರಲಿ. ರಸ್ತೆಯ ವಿಷಯದಲ್ಲಿ ನ್ಯಾಯವು ತಿರುವುಮುರುವಾಗಬೇಕು. ರಸ್ತೆಯು ವೇದವಿಹಿತವಲ್ಲ, ಮನುಷ್ಯಕೃತ. ಮನುಷ್ಯನ ಕಾಲನ್ನು ಸರಿಪಡಿಸಲಾಗದಿದ್ದರೂ ರಸ್ತೆಯ ಅಂಚುಕಲ್ಲನ್ನು ಸರಿಪಡಿಸಬಹುದು. ಅರ್ಧ ಅಡಿ ಎತ್ತರದ ಕಲ್ಲಿನ ಬಳಿಯಲ್ಲಿ ಗಾಲಿಕುರ್ಚಿಯು ನಿಂತುಹೋದರೆ ವೈಕಲ್ಯವಿರುವುದು ಕುಳಿತವನಲ್ಲಿ ಎನ್ನುವುದಕ್ಕಿಂತ ದಾರಿಯಲ್ಲಿ ಎನ್ನುವುದು ಯುಕ್ತ. ದಾರಿಯ ವೈಕಲ್ಯಕ್ಕೆ ಚಿಕಿತ್ಸೆಯುಂಟು. ಚಿಕಿತ್ಸೆಯಿರುವ ವೈಕಲ್ಯದಿಂದ ಯಾರ ಅಧಿಕಾರವೂ ಹೋಗುವುದಿಲ್ಲವೆಂದು ಜೈಮಿನಿಯೇ ಹೇಳಿದಂತಾಯಿತು.

ಬೆಂಗಳೂರಿನಲ್ಲಿ ಈ ಚಿಕಿತ್ಸೆಯು ಸ್ವಲ್ಪಮಟ್ಟಿಗೆ ನಡೆದುದುಂಟು. ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮುಂತಾದುವುಗಳಲ್ಲಿ ಕಾಲುದಾರಿಗಳನ್ನು ಅಗಲಗೊಳಿಸಿ, ಕೊಳವೆಗಳನ್ನೂ ತಂತಿಗಳನ್ನೂ ಅವುಗಳ ಕೆಳಗೆ ಕ್ರಮಪಡಿಸಿದರು. ಗಾಡಿಯ ದಾರಿ ಕಿರಿದಾಯಿತೆಂದು ವಾಹನಸ್ಥರು ಆಕ್ಷೇಪಿಸಿದರು. ಚಕ್ರಿಯ ಮಾನವು ಇನ್ನೂ ಅಳಿದಿಲ್ಲವೆಂಬುದಕ್ಕೆ ಆ ಆಕ್ಷೇಪವೇ ಪ್ರಮಾಣ. ಕೆಲಸವು ಶ್ಲಾಘ್ಯವಾದುದು. ಆದರೆ ಮೊದಲು ಆರಿಸಿದ ಬೀದಿಗಳೆಲ್ಲವೂ ನಗರದ ಮಧ್ಯದಲ್ಲಿರುವ ಸಿರಿವಂತ ವ್ಯಾಪಾರದ ಬೀದಿಗಳು, ಎಂದರೆ ಇಂದಿನ ರಾಜಮಾರ್ಗಗಳು. ಹೊರೆ ಹೊತ್ತವರು ಹೆಚ್ಚಾಗಿ ನಡೆಯುವುದು ಕಲಾಸಿಪಾಳ್ಯದಲ್ಲಿಯೂ ತರಗುಪೇಟೆಯಲ್ಲಿಯೂ. ಎಲ್ಲಿ ಅಶಕ್ತರು ಹೆಚ್ಚೋ ಅಲ್ಲಿಂದ ಆರಂಭಿಸುವುದು ಪಥದಾನದ ಮೊದಲನೆಯ ಹೇತುವಿಗೆ ಅನುಗುಣ. ಎಲ್ಲಿ ಮಾನವು ಹೆಚ್ಚೋ ಅಲ್ಲಿಂದ ಆರಂಭಿಸುವುದು ಎರಡನೆಯದಕ್ಕೆ.

(೭)

ಇಷ್ಟರಿಂದ ಸಿದ್ಧವಾದುದೇನೆಂದರೆ: ಪ್ರಾಚೀನಗ್ರಂಥಗಳ ಅಳತೆಗಳು ಇಂದಿಗೆ ಪ್ರಮಾಣವಾಗಲಾರವು, ಅವುಗಳ ವರ್ಣಾನುಸಾರಿಯಾದ ನಿವೇಶವು ಸರ್ವಥಾ ತ್ಯಾಜ್ಯ. ದೂರವನ್ನು ಕಡಮೆಮಾಡುವ ಕ್ರಮ, ವಾಹನದ ಹೊಣೆಯನ್ನು ಒಡೆಯನವರೆಗೂ ಒಯ್ಯುವ ದಂಡನೀತಿ, ಸರಿಯಲಾರದವನಿಗೆ ಸರಿಯಬಲ್ಲವನು ದಾರಿ ಬಿಡಬೇಕೆಂಬ ಪಥದಾನ ಈ ಮೂರು ಗ್ರಾಹ್ಯ. ಇವುಗಳಲ್ಲಿ ಮೂರನೆಯದೇ ಮುಖ್ಯವಾದುದು. ಇಂದಿನ ನೀತಿಗಳು ತತ್ತ್ವದಲ್ಲಿ ಪ್ರಾಚೀನರನ್ನು ಮೀರಿವೆ, ಪ್ರವರ್ತನೆಯಲ್ಲಿ ಹಿಂದುಳಿದಿವೆ. ನಗರಯೋಜನೆಯ ಪತ್ರಗಳನ್ನು ರಚಿಸುವವರು ಪ್ರತಿಯೊಂದು ವಾಕ್ಯದ ಮುಂದೆಯೂ, ಇದು ವಿಧಿಯೋ ಅರ್ಥವಾದವೋ ಎಂದು ಕೇಳಿಕೊಳ್ಳತಕ್ಕದ್ದು; ಪ್ರತಿಯೊಂದು ರಸ್ತೆಯ ಮುಂದೆಯೂ, ಇಲ್ಲಿ ದಾರಿ ದೊರೆಯುವುದು ಅಶಕ್ತಿಗೋ ಮಾನಕ್ಕೋ ಎಂದು ಕೇಳಿಕೊಳ್ಳತಕ್ಕದ್ದು. ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರವು ದೊರೆತ ನಗರದಲ್ಲಿ ಕುರುಡನೂ ಹೊರೆಯಾಳೂ ಯಾರ ಅನುಗ್ರಹವನ್ನೂ ಬೇಡದೆ ನಡೆದುಹೋಗುವರು.